ಮಾವನ ರಿಪೋರ್ಟು, ಅಮ್ಮನ ರಕ್ತ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕದೆ. ಕುಮಾರಪರ್ವತ ಚಾರಣದ ಬಗ್ಗೆ ಅರ್ಧ ಬರೆದದ್ದು ಡ್ರಾಫ್ಟಿನಲ್ಲಿ ಹಾಗೇ ಕೂತಿದೆ. ಅದು ಇನ್ನೂ ಸ್ವಲ್ಪ ದಿನ ಕೂರುತ್ತೆ ಬಿಡಿ. ಈ ಒಂದು ವರ್ಷ ನಾನು ಕತೆ ಓದಲಿಲ್ಲ, ಸಿನಿಮಾ ನೋಡಲಿಲ್ಲ. ಓದಿದ್ದೆಲ್ಲ ಒಂದೇ ವಿಷಯ: ದೊಡ್ಡ ಕರುಳಿನ ಕ್ಯಾನ್ಸರು. ಅದರಲ್ಲೂ ಬಯಾಪ್ಸಿ ರಿಪೋರ್ಟಿನ ಕೊನೆಯ ಪುಟದಲ್ಲಿ, ಯಾರೂ ಓದದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿರುವ ನಾಲ್ಕು ಹೆಸರುಗಳು. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ನೋಡಿದರೆ ನಮ್ಮ ಆಫೀಸಿನ ಸರ್ವರುಗಳ ಹೆಸರಿನ ಹಾಗೇ ಇವೆ, ಅಲ್ವಾ?

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಕಪ್ಪೆ ಕೊಯ್ಯೋದು ತಪ್ಪುತ್ತೆ ಅಂತ ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡ ಜಾತಿ ನಂದು :) ಇಲ್ಲಿ ಬರೆದದ್ದನ್ನು ಓದಿ ಯಾರೂ ಔಷಧಿ ಬದಲಾಯಿಸಬೇಡಿ.

ಸಾಗರದ ಹತ್ತಿರ ಇರೋ ನಮ್ಮ ಮಾವ, ಅಮ್ಮನ ಅಣ್ಣ, 57 ವರ್ಷ. 2024ರ ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಏದುಸಿರು ಬರುತ್ತೆ ಅನ್ನೋಕೆ ಶುರು ಮಾಡಿದ್ರು. ಹಿಮೋಗ್ಲೋಬಿನ್ ನೋಡಿದ್ರೆ ಏಳು ಚಿಲ್ಲರೆ. ಅಡಿಕೆ ಮರ ಹತ್ತೋ ಗಂಡಸಿಗೆ ಏಳು ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ದೊಡ್ಡ ಕರುಳಿನ ಬಲಭಾಗದ ಗಡ್ಡೆ. ಬಲಗಡೆಯ ಗಡ್ಡೆಗಳು ಹೀಗೇ ಅಂತೆ. ನೋವು ಕೊಡಲ್ಲ, ದಾರಿ ಕಟ್ಟಲ್ಲ, ಕಣ್ಣಿಗೆ ಕಾಣದ ಹಾಗೆ ಹನಿ ಹನಿ ರಕ್ತ ಸೋರಿಸ್ತಾ ಇರುತ್ತವೆ. ದೀಪಾವಳಿ ಮುಗಿದ ವಾರ ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ಗಡ್ಡೆ ಕರುಳಿನ ಗೋಡೆ ದಾಟಿತ್ತು, ಆದರೆ ಹಾಲುಗ್ರಂಥಿಗಳಿಗೆ (ಅದೇ, ಲಿಂಫ್ ನೋಡ್) ಹರಡಿರಲಿಲ್ಲ. ಎರಡನೇ ಹಂತ.

ರಿಪೋರ್ಟು ಬಂತು. ಎಂಎಸ್‌ಎಚ್2, ಎಂಎಸ್‌ಎಚ್6 ಇವೆ. ಎಂಎಲ್‌ಎಚ್1, ಪಿಎಂಎಸ್2 "ಲಾಸ್ ಆಫ್ ನ್ಯೂಕ್ಲಿಯರ್ ಎಕ್ಸ್‌ಪ್ರೆಷನ್". ಅಂದರೆ ಗಡ್ಡೆಯ ಜೀವಕೋಶಗಳಲ್ಲಿ ಈ ಎರಡು ಪ್ರೋಟೀನು ಕಾಣೆ.

ಡಾಕ್ಟರು ಅದನ್ನು ನೋಡಿ, "ಒಳ್ಳೇದು, ಇವರಿಗೆ ಕೀಮೋ ಬೇಡ" ಅಂದ್ರು. ಅಲ್ಲಿಂದ ಮನೆಯಲ್ಲಿ ಮಹಾಭಾರತ.

"ಕ್ಯಾನ್ಸರ್ ಅಂತೀರ, ಕೀಮೋ ಬೇಡ ಅಂತೀರ. ಇದೆಂಥಾ ಡಾಕ್ಟ್ರು?" ಅಂತ ದಾಯಾದಿಗಳಿಂದ ಹಿಡಿದು ಹಾಲು ಹಾಕೋರ ತನಕ ಎಲ್ಲರೂ ಕೇಳಿದವರೇ. ದುಡ್ಡಿಲ್ಲ ಅಂದುಕೊಂಡು ಬೇಡ ಅಂದಿರಬೇಕು ಅಂತ ಒಬ್ಬರು. ಆಸೆ ಬಿಟ್ಟಿದ್ದಾರೆ, ಅದಕ್ಕೇ ಕೊಡ್ತಾ ಇಲ್ಲ ಅಂತ ಇನ್ನೊಬ್ಬರು. ಇದನ್ನ ಅತ್ತೆಯ ಎದುರೇ ಹೇಳಿದ್ರು ಪುಣ್ಯಾತ್ಮರು. ಮನೆಯಲ್ಲಿ "ಓದಿದ ಹುಡುಗ" ಅಂತ ಇರೋದು ನಾನೊಬ್ಬ. ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ.

ನಮ್ಮ ಅಜ್ಜಿ ರಾಮಕೋಟಿ ಬರೀತಿದ್ದದ್ದು ನೆನಪಿದೆ. ಒಂದೇ ಪದ, ಪುಟಗಟ್ಟಲೆ. ಎಷ್ಟು ಬರೆದೆ ಅಂತ ಲೆಕ್ಕ ತಪ್ಪೋದು ಅಲ್ಲೇ. ಬೇರೆ ಬೇರೆ ಪದಗಳಿರುವ ಸಾಲನ್ನು ನೋಡಿ ಬರೆಯುವಾಗ ತಪ್ಪು ಕಮ್ಮಿ, ಒಂದೇ ಪದ ಸಾಲಾಗಿ ಬಂದಾಗ ಒಂದು ಜಾಸ್ತಿ ಬೀಳುತ್ತೆ, ಇಲ್ಲಾ ಒಂದು ಕಮ್ಮಿ. ನಮ್ಮ ಡಿಎನ್‌ಎ ಒಳಗೂ ಇಂಥ ರಾಮಕೋಟಿ ಜಾಗಗಳಿವೆ. ಬ್ಯಾಟ್-26 ಅಂತ ಒಂದು ಜಾಗ ಇದೆ, ಅಲ್ಲಿ 'ಎ' ಅನ್ನೋ ಅಕ್ಷರ ಒಂದರ ಹಿಂದೆ ಒಂದು 26 ಸಲ. ಇವಕ್ಕೆ ಮೈಕ್ರೋಸ್ಯಾಟಲೈಟ್ ಅಂತ ಹೆಸರು. ಜೀವಕೋಶ ಒಡೆದು ಎರಡಾಗುವಾಗ ಇಷ್ಟೂ ಡಿಎನ್‌ಎ ನಕಲಾಗಬೇಕು, ಈ ಜಾಗಗಳಲ್ಲಿ ಲೆಕ್ಕ ತಪ್ಪೋದು ಸಹಜ. ಅದನ್ನು ಹಿಂದಿನಿಂದ ಬಂದು ತಿದ್ದುವ ಒಂದು ತಂಡ ಇದೆ. ನಮ್ಮ ಕಡೆ ಕೋಡ್ ರಿವ್ಯೂ ಅಂತೀವಲ್ಲ, ಅದೇ. ಆ ರಿಪೋರ್ಟಿನ ನಾಲ್ಕು ಹೆಸರುಗಳು ಈ ರಿವ್ಯೂ ತಂಡದವು. ಇವು ಜೋಡಿಯಾಗಿ ಕೆಲಸ ಮಾಡ್ತವೆ. ಎಂಎಲ್‌ಎಚ್1 ಇಲ್ಲದಿದ್ದರೆ ಪಿಎಂಎಸ್2 ಕೂಡ ನಿಲ್ಲಲ್ಲ, ಡಿಪೆಂಡೆನ್ಸಿ ಹೋದರೆ ಬಿಲ್ಡ್ ಹೋದ ಹಾಗೆ. ಮಾವನ ರಿಪೋರ್ಟಿನಲ್ಲಿ ಎರಡು ಕಾಣೆಯಾಗಿದ್ದರೂ ಕೆಟ್ಟಿದ್ದು ಒಂದೇ ಇರಬಹುದು ಅನ್ನೋದು ಇದಕ್ಕೇ.

ರಿವ್ಯೂ ಇಲ್ಲದ ಪ್ರಾಜೆಕ್ಟು ಏನಾಗುತ್ತೆ ಅಂತ ನಿಮಗೆ ಗೊತ್ತು. ಬಗ್ಗುಗಳು ಸಾವಿರಗಟ್ಟಲೆ. ಆದರೆ ಇಲ್ಲೊಂದು ತಮಾಷೆ. ಗಡ್ಡೆಯೊಳಗೆ ಅಷ್ಟು ತಪ್ಪು ತುಂಬಿದಾಗ ಅದು ತಯಾರಿಸುವ ಪ್ರೋಟೀನುಗಳೂ ವಿಚಿತ್ರವಾಗಿರ್ತವೆ, ನಮ್ಮ ಮೈಯ ಕಾವಲುಗಾರರಿಗೆ ಇದು ಪರಕೀಯ ಅಂತ ಬೇಗ ಗೊತ್ತಾಗುತ್ತೆ. ಅದಕ್ಕೇ ಎರಡನೇ ಹಂತದಲ್ಲಿ ಇಂಥ ಗಡ್ಡೆ ಇದ್ದವರಿಗೆ ಕ್ಯಾನ್ಸರ್ ಮರಳಿ ಬರೋದು ಕಮ್ಮಿ. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು 15% ಈ ಬಗೆಯವು.

ಇನ್ನು ಕೀಮೋ ಯಾಕೆ ಬೇಡ ಅನ್ನೋದು. ಎರಡು ಪ್ರಶ್ನೆಗಳನ್ನು ನಾವೆಲ್ಲ ಒಂದೇ ಅಂದುಕೊಳ್ತೀವಿ. ಮಳೆ ಬರುತ್ತಾ ಅನ್ನೋದು ಒಂದು ಪ್ರಶ್ನೆ. ಈ ಕೊಡೆ ತಡೆಯುತ್ತಾ ಅನ್ನೋದು ಬೇರೆಯದೇ ಪ್ರಶ್ನೆ. ಕೆಲವು ಗುರುತುಗಳು ಮೊದಲನೆಯದನ್ನು ಮಾತ್ರ ಹೇಳ್ತವೆ, ಕೆಲವು ಎರಡನೆಯದನ್ನು. ಮಾವನ ರಿಪೋರ್ಟಿನ ಗುರುತು ಎರಡಕ್ಕೂ ಉತ್ತರ ಹೇಳುತ್ತೆ: ಮಳೆ ಬರೋದು ಕಮ್ಮಿ, ಮತ್ತೆ ಹಳೇ ಕೊಡೆ, ಅಂದರೆ 5-ಎಫ್‌ಯು ಅನ್ನೋ ಕೀಮೋ ಔಷಧಿ ಒಂದನ್ನೇ ಕೊಟ್ಟರೆ, ಇಂಥವರಿಗೆ ಉಪಯೋಗ ಇಲ್ಲ. 2003ರಲ್ಲಿ 570 ಜನರ ಗಡ್ಡೆಯ ಮಾದರಿಗಳನ್ನು ಮತ್ತೆ ತೆಗೆದು ಪರೀಕ್ಷೆ ಮಾಡಿದಾಗ ಇದು ಗೊತ್ತಾಯ್ತು. 2010ರಲ್ಲಿ ಇನ್ನೊಂದು ಅಧ್ಯಯನವೂ ಅದನ್ನೇ ಹೇಳಿತು. ಅಂದರೆ ಕೀಮೋ ಕೊಡದೇ ಇದ್ದದ್ದು ಆಸೆ ಬಿಟ್ಟು ಅಲ್ಲ, ಲೆಕ್ಕ ನೋಡಿ. ಇದನ್ನು ಅತ್ತೆಗೆ ಕೊಡೆಯ ಲೆಕ್ಕದಲ್ಲೇ ಹೇಳಿದೆ. ಮಲೆನಾಡಿನವರಿಗೆ ಕೊಡೆ ವಿಷಯ ಬೇಗ ಅರ್ಥವಾಗುತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಅವರ ಕೂದ್ಲು ಹೋಗ್ತಿಲ್ಲೆ, ಅಲ್ದಾ?" ಅಂದ್ರು.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿ ದಾವಣಗೆರೆ ಕಡೆಯ ಒಬ್ಬ ಅಕ್ಕಿ ವ್ಯಾಪಾರಿ ಇದ್ರು. ಅವರದ್ದು ಆಗಲೇ ಯಕೃತ್ತಿಗೆ ಹರಡಿತ್ತು. ಅವರ ಮಗ ಒಂದು ಸಂಜೆ ನನ್ನ ಕೈಗೆ ಫೈಲು ಕೊಟ್ಟು, "ಸಾರ್, ನೀವು ಇಂಜಿನಿಯರ್ ಅಂತಲ್ರೀ, ಸ್ವಲ್ಪ ಓದಿ ಹೇಳ್ರಿ" ಅಂದ. ಸಾಫ್ಟ್‌ವೇರ್ ಇಂಜಿನಿಯರಿಗೂ ಇದಕ್ಕೂ ಏನು ಸಂಬಂಧ ಅಂತ ಹೇಳೋ ಮನಸ್ಸಾಗಲಿಲ್ಲ. ಅದರಲ್ಲಿ ಬರೆದಿತ್ತು: ಕೆ-ರಾಸ್ ಜಿ12ಡಿ, ಪಾಸಿಟಿವ್. ಅವನು ಪಾಪ ಪಾಸಿಟಿವ್ ಅಂದ್ರೆ ಒಳ್ಳೇದು ಅಂದುಕೊಂಡಿದ್ದ.

ಪಂಪ್‌ಸೆಟ್ಟಿನ ಸ್ಟಾರ್ಟರ್ ಒಳಗೆ ಕಾಂಟ್ಯಾಕ್ಟ್ ಅಂಟಿಕೊಂಡುಬಿಟ್ಟರೆ ಏನಾಗುತ್ತೆ? ಹೊರಗಿನ ಸ್ಟಾಪ್ ಬಟನ್ ಎಷ್ಟು ಒತ್ತಿದರೂ ಮೋಟಾರು ನಿಲ್ಲಲ್ಲ. ಕೆ-ರಾಸ್ ಅಂದರೆ ಆ ಕಾಂಟ್ಯಾಕ್ಟು. ಜೀವಕೋಶದ ಹೊರಮೈಯಲ್ಲಿ ಇಜಿಎಫ್‌ಆರ್ ಅನ್ನೋ ಬಟನ್ ಇದೆ, "ಬೆಳೆ" ಅನ್ನೋ ಸಂದೇಶ ಅಲ್ಲಿಂದ ಒಳಗೆ ಹೋಗುತ್ತೆ. ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಅನ್ನೋ ದುಬಾರಿ ಇಂಜೆಕ್ಷನ್‌ಗಳು ಆ ಬಟನ್ನನ್ನು ಮುಚ್ತವೆ. ಶುರುವಿನಲ್ಲಿ, ಬಟನ್ ಇದೆಯಾ ಅಂತ ಮಾತ್ರ ನೋಡಿ ಔಷಧಿ ಕೊಡ್ತಿದ್ರು. 2008ರಲ್ಲಿ ಪ್ಯಾನಿಟುಮುಮ್ಯಾಬ್ ಪ್ರಯೋಗದ ಗಡ್ಡೆಗಳನ್ನು ಕೆ-ರಾಸ್ ನೋಡಿ ಬೇರೆ ಬೇರೆ ಮಾಡಿದಾಗ, ಕೆ-ರಾಸ್ ಸರಿ ಇದ್ದವರಲ್ಲಿ 17% ಜನರ ಗಡ್ಡೆ ಕುಗ್ಗಿತ್ತು. ಕೆಟ್ಟವರಲ್ಲಿ? ಸೊನ್ನೆ. ಒಬ್ಬರೂ ಇಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಜನರಿಗೆ ಕೆ-ರಾಸ್ ಕೆಟ್ಟಿರುತ್ತೆ. ಅಷ್ಟು ಜನ ಆ ಮುಂಚೆ ಸುಮ್ಮನೆ ಮೈಮೇಲೆ ಗುಳ್ಳೆ ಎಬ್ಬಿಸಿಕೊಂಡು, ದುಡ್ಡು ಕಳಕೊಂಡು, ಕಾದಿದ್ರು ಅಂತಾಯ್ತು.

ಹುಡುಗನಿಗೆ ಸ್ಟಾರ್ಟರ್ ಕತೆ ಹೇಳಿದೆ. ತಕ್ಷಣ ತಿಳಿದುಕೊಂಡ. "ಹಂಗಾದ್ರೆ ಕಾಂಟ್ಯಾಕ್ಟಿಗೇ ಔಷಧಿ ಇಲ್ಲೇನ್ರಿ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಇದೆ. ಸೆಟುಕ್ಸಿಮ್ಯಾಬ್ ಜೊತೆ ಅಡಾಗ್ರಾಸಿಬ್‌ಗೆ 2024ರ ಜೂನ್‌ನಲ್ಲಿ, ಪ್ಯಾನಿಟುಮುಮ್ಯಾಬ್ ಜೊತೆ ಸೊಟೊರಾಸಿಬ್‌ಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಎರಡೂ ಕೆಲಸ ಮಾಡೋದು ಜಿ12ಸಿ ಅನ್ನೋ ತಪ್ಪಿಗೆ. ಅವನ ಅಪ್ಪನದ್ದು ಜಿ12ಡಿ. ಕೊನೆಯ ಒಂದು ಅಕ್ಷರ ಬೇರೆ. ಇದನ್ನ ಅವನಿಗೆ ಡಾಕ್ಟರೇ ಹೇಳಲಿ ಅಂತ ಬಿಟ್ಟೆ.

ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಅಷ್ಟೊತ್ತಿಗೆ ಚಿಕ್ಕಪ್ಪನ ಫಾರ್ವರ್ಡು ಬಂತು. "ಕ್ಯಾನ್ಸರಿಗೆ ಮದ್ದು ಸಿಕ್ಕಿತು! ನೂರಕ್ಕೆ ನೂರು ಜನ ಗುಣ!" ಕೆಳಗೆ ಹತ್ತು ಕೈ ಮುಗಿಯೋ ಚಿತ್ರ. ಇಂಥದ್ದನ್ನ ಸಾಮಾನ್ಯವಾಗಿ ತೆರೆಯದೇ ಅಳಿಸಿಬಿಡ್ತೀನಿ. ಆದರೆ ಇದು ಪೂರ್ತಿ ಸುಳ್ಳಲ್ಲ. 2022ರ ಜೂನ್‌ನಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಪ್ರಕಟಿಸಿದ ಫಲಿತಾಂಶ ಅದು. ಗುದನಾಳದ ಕ್ಯಾನ್ಸರ್ ಇದ್ದ 12 ಜನರಿಗೆ ಡೊಸ್ಟಾರ್ಲಿಮ್ಯಾಬ್ ಕೊಟ್ಟಿದ್ರು. ಹನ್ನೆರಡೂ ಜನರ ಗಡ್ಡೆ ಮಾಯ, ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. ಫಾರ್ವರ್ಡಿನಲ್ಲಿ ಬಿಟ್ಟುಹೋಗಿದ್ದ ಸಾಲು ಏನಪ್ಪಾ ಅಂದ್ರೆ, ಆ ಹನ್ನೆರಡೂ ಜನರನ್ನ ಆರಿಸಿದ್ದೇ ಅವರ ಗಡ್ಡೆಯ ರಿವ್ಯೂ ತಂಡ ಕೆಟ್ಟಿತ್ತು ಅಂತ. ಮಾವನ ಗಡ್ಡೆಯ ಜಾತಿಯದ್ದೇ. ಇಂಥ ಗಡ್ಡೆಗಳು ಕಾವಲುಗಾರರ ಕಣ್ಣಿಗೆ ಬಿದ್ದರೂ ಒಂದು ಬ್ರೇಕ್ ಒತ್ತಿ ಅವರನ್ನ ನಿಲ್ಲಿಸಿಕೊಂಡಿರ್ತವೆ, ಈ ಔಷಧಿ ಆ ಬ್ರೇಕ್ ತೆಗೆಯುತ್ತೆ. ಹರಡಿದ ಕ್ಯಾನ್ಸರಿನಲ್ಲೂ, ಇದೇ ಗುರುತು ಇದ್ದವರಿಗೆ ಪೆಂಬ್ರೊಲಿಜುಮ್ಯಾಬ್ ಕೊಟ್ಟಾಗ ರೋಗ ಮುಂದುವರಿಯದೆ ನಿಂತ ಕಾಲ ಸರಾಸರಿ 16.5 ತಿಂಗಳು, ಕೀಮೋ ಕೊಟ್ಟವರಲ್ಲಿ 8.2. ಅದು 2020ರ ಫಲಿತಾಂಶ. ಗುರುತು ಇಲ್ಲದವರಿಗೆ, ಅಂದರೆ ಬಹುತೇಕ ಜನರಿಗೆ, ಈ ಔಷಧಿ ಒಂದೇ ಕೊಟ್ಟರೆ ಹೆಚ್ಚುಕಮ್ಮಿ ಏನೂ ಆಗಲ್ಲ. ಮಾವನಿಗೆ ಈಗ ಅದರ ಅಗತ್ಯವೇ ಇಲ್ಲ. ಮುಂದೆ ಎಂದಾದರೂ ಬೇಕಾದರೆ ದಾರಿ ಇದೆ ಅಂತ ಗೊತ್ತಿರೋದು ಸಣ್ಣ ಸಮಾಧಾನ ಏನಲ್ಲ. ಗ್ರೂಪಿನಲ್ಲಿ ಇಷ್ಟುದ್ದ ಬರೆದೆ. ಚಿಕ್ಕಪ್ಪ ಒಂದು ಥಂಬ್ಸ್ ಅಪ್ ಹಾಕಿ, ಮರುದಿನ ಅಮೃತಬಳ್ಳಿ ಕಷಾಯದ ವಿಡಿಯೋ ಕಳಿಸಿದ್ರು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಬರಹ ಬರೀತಾ ಇರಲಿಲ್ಲ.

ಎಂಎಲ್‌ಎಚ್1 ಕಾಣೆಯಾಗೋದಕ್ಕೆ ಎರಡು ಕಾರಣ ಇರಬಹುದು. ವಯಸ್ಸಾದ ಮೇಲೆ ಗಡ್ಡೆಯೊಳಗೆ ಮಾತ್ರ ಆ ಜೀನಿನ ಬಾಯಿಗೆ ಬೀಗ ಬೀಳೋದು ಒಂದು. ಅದು ಮಾವನ ಜೊತೆಗೇ ಮುಗಿಯುತ್ತೆ. ಇನ್ನೊಂದು, ಹುಟ್ಟುವಾಗಲೇ ಕೆಟ್ಟ ಪ್ರತಿ ಇಟ್ಟುಕೊಂಡು ಬಂದಿರೋದು. ಅದಕ್ಕೆ ಲಿಂಚ್ ಸಿಂಡ್ರೋಮ್ ಅಂತಾರೆ. ಅಂದರೆ ಅಜ್ಜನಿಂದಲೋ ಅಜ್ಜಿಯಿಂದಲೋ ಬಂದಿದ್ದು. ಅಂದರೆ ಅಮ್ಮನಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಅಮ್ಮನಿಗಿದ್ದರೆ ನನಗೂ ಅರ್ಧಕ್ಕರ್ಧ.

ಯಾವುದು ಅಂತ ತಿಳಿಯೋಕೆ ಮೊದಲು ನೋಡೋದು ಬ್ರಾಫ್ ಅನ್ನೋ ಇನ್ನೊಂದು ಜೀನು. ಅದರಲ್ಲಿ ವಿ600ಇ ಅನ್ನೋ ತಪ್ಪು ಇದ್ದರೆ ಗಡ್ಡೆ ವಂಶದ್ದಲ್ಲ ಅಂತ ಬಹುಪಾಲು ಖಾತ್ರಿ. ಈ ಪರೀಕ್ಷೆಗೆ ಗಡ್ಡೆಯ ಬ್ಲಾಕ್ ಬೇರೆ ಲ್ಯಾಬಿಗೆ ಕೊಡಬೇಕಿತ್ತು, ಒಯ್ದವನು ನಾನೇ. ಬ್ಲಾಕ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಮೇಣ, ಮೇಣದೊಳಗೆ ಕಂದು ಬಣ್ಣದ ಒಂದು ಚೂರು. ಮೇಲೆ ಪೆನ್ಸಿಲಿನಲ್ಲಿ ಬರೆದ ನಂಬರು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಂಡು ಮೆಟ್ರೋದಲ್ಲಿ ನಿಂತಿದ್ದೆ. ಮೇಣ ಕರಗುತ್ತೇನೋ ಅಂತ ಎರಡು ಸಲ ತೆಗೆದು ನೋಡಿದೆ. ಮೆಟ್ರೋ ಎಸಿಯಲ್ಲಿ ಎಲ್ಲಿ ಕರಗುತ್ತೆ!

ವಿಚಿತ್ರ ಏನು ಗೊತ್ತಾ? ಹರಡಿದ ಕ್ಯಾನ್ಸರಿನಲ್ಲಿ ಬ್ರಾಫ್ ವಿ600ಇ ಅಂದರೆ ಕೆಟ್ಟ ಸುದ್ದಿ, ರೋಗ ಜೋರಾಗಿರುತ್ತೆ. ಬೇರೆ ಮನೆಯವರು ಅದು ಇಲ್ಲದಿರಲಿ ಅಂತ ಬೇಡಿಕೊಳ್ತಾರೆ. ನಮ್ಮಮ್ಮ ಅದು ಇರಲಿ ಅಂತ ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತರು. "ಬ್ರಾಫ್" ಅನ್ನೋಕೆ ಬರದೆ "ಆ ಬಿ ಇಂದ ಶುರುವಾಗೋದು" ಅಂತ ದೇವಿಗೆ ಹೇಳಿಕೊಂಡರಂತೆ.

ಇರಲಿಲ್ಲ. ಬೀಗ ಬಿದ್ದಿದೆಯಾ ಅಂತ ನೋಡೋ ಮಿಥೈಲೇಷನ್ ಪರೀಕ್ಷೆಯೂ ಇಲ್ಲ ಅಂತು. ಹಾಗಾದರೆ ಮಾವನ ರಕ್ತ ಪರೀಕ್ಷೆ ಮಾಡಿ ಅಂದ್ರು.

ಅದಕ್ಕೆ ಮುಂಚೆ ಜೆನೆಟಿಕ್ ಕೌನ್ಸೆಲರ್ ಒಬ್ಬರು ಕೂರಿಸಿ ಮಾತಾಡಿಸಿದ್ರು. ನನಗಿಂತ ಚಿಕ್ಕ ಹುಡುಗಿ. ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೀತಾ ಹೋದರು. ಅಮ್ಮ ಹೇಳ್ತಾ ಹೋದರು. ಅಜ್ಜ 1983ರಲ್ಲಿ, ಹೊಟ್ಟೆನೋವು ಅಂತ ಮಲಗಿದವರು ಮೂರು ತಿಂಗಳಲ್ಲಿ ಹೋದರು, ಇನ್ನೂ ಐವತ್ತಾಗಿರಲಿಲ್ಲ. ದೊಡ್ಡಮ್ಮ 2003ರಲ್ಲಿ, ಗರ್ಭಕೋಶದ ಕ್ಯಾನ್ಸರು, 43 ವರ್ಷ. ಅಜ್ಜನ ತಮ್ಮನೊಬ್ಬರು, ಅವರದ್ದೂ ಹೊಟ್ಟೆಯೇ. ಹುಡುಗಿ ಒಂದೊಂದನ್ನೇ ಪೆನ್ನಿನಲ್ಲಿ ಕಪ್ಪು ಮಾಡ್ತಾ ಬಂದರು. ಗರ್ಭಕೋಶದ್ದು ಅಂದಾಗ ಪೆನ್ನು ಒಂದು ಕ್ಷಣ ನಿಂತಿದ್ದು ನಾನು ನೋಡಿದೆ. ಕರುಳಿನ ಕ್ಯಾನ್ಸರಿಗೂ ಅದಕ್ಕೂ ಏನು ಸಂಬಂಧ ಅಂತ ನಮ್ಮನೆಯಲ್ಲಿ ಯಾರೂ ಯೋಚನೆ ಮಾಡಿರಲಿಲ್ಲ. ಲಿಂಚ್‌ನಲ್ಲಿ ಎರಡೂ ಒಂದೇ ಬೇರಿನವು. ನಮ್ಮನೆಯಲ್ಲಿ ಇದಕ್ಕೆ ನಾಗದೋಷ ಅಂತ ಹೆಸರಿತ್ತು. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಎರಡು ಸಲ ಮಾಡಿಸಿದ್ದಾರೆ. ನಗೋ ವಿಷಯ ಅಲ್ಲ ಇದು. ಒಂದು ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಏನೋ ಬರ್ತಾ ಇದೆ ಅಂತ ಅವರು ಕಂಡುಕೊಂಡಿದ್ದು ಸರಿಯಾಗೇ ಇತ್ತಲ್ಲ.

ಇದರ ಮೊದಲ ಕತೆಯೂ ಹೀಗೇ ಶುರುವಾಗಿದ್ದು. 1895ರಲ್ಲಿ ಅಮೆರಿಕದ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬಳು ಆಲ್ಡ್ರೆಡ್ ವಾರ್ಥಿನ್ ಅನ್ನೋ ಪೆಥಾಲಜಿಸ್ಟ್ ಹತ್ತಿರ, ನಮ್ಮ ಮನೆಯವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರಿನಲ್ಲೇ ಹೋಗೋದು, ನಾನೂ ಬೇಗ ಹೋಗ್ತೀನಿ ಅಂದಳಂತೆ. ಹಾಗೇ ಆಯ್ತು ಕೂಡ, ಅವಳು ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡಳು. ವಾರ್ಥಿನ್ ಅವಳ ಮಾತು ನಂಬಿ ಮನೆತನದ ಲೆಕ್ಕ ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಹೆನ್ರಿ ಲಿಂಚ್ 1966ರಲ್ಲಿ ಇಂಥ ಕುಟುಂಬಗಳ ಬಗ್ಗೆ ಬರೆದಾಗಲೂ ವಂಶದ್ದು ಅಂತ ನಂಬಿದವರು ಕಮ್ಮಿ. ಕೊನೆಗೆ ಸುಳಿವು ಸಿಕ್ಕಿದ್ದು ಬ್ರೆಡ್ ಉಬ್ಬಿಸೋ ಯೀಸ್ಟಿನಿಂದ! ರಿವ್ಯೂ ಜೀನು ಕೆಡಿಸಿದ ಯೀಸ್ಟಿನಲ್ಲಿ ಇದೇ ರಾಮಕೋಟಿ ತಪ್ಪು ಕಂಡಿತು. 1993ರಲ್ಲಿ ಎಂಎಸ್‌ಎಚ್2, 1994ರಲ್ಲಿ ನಮ್ಮ ಎಂಎಲ್‌ಎಚ್1 ಮನುಷ್ಯರಲ್ಲಿ ಸಿಕ್ಕವು. ದೊಡ್ಡಮ್ಮ ಹೋಗೋದಕ್ಕೆ ಒಂಬತ್ತು ವರ್ಷ ಮುಂಚೆ.

2025ರ ಮೇ ತಿಂಗಳಲ್ಲಿ ಮಾವನ ರಿಪೋರ್ಟು ಬಂತು. ಎಂಎಲ್‌ಎಚ್1, ಹುಟ್ಟಿನಿಂದಲೇ.

ಮಾವ ತಣ್ಣಗೆ ಕೇಳಿಸಿಕೊಂಡ್ರು. ಅವರ ಲೆಕ್ಕದಲ್ಲಿ ಅವರದ್ದು ಆಗಿ ಮುಗಿದಿತ್ತು. ವರ್ಷಕ್ಕೊಂದು ಕೊಲೊನೊಸ್ಕೋಪಿ, ಮೂರು ತಿಂಗಳಿಗೊಮ್ಮೆ ಸಿಇಎ ಅನ್ನೋ ರಕ್ತ ಪರೀಕ್ಷೆ. ಅತ್ತೆ ಮಾತ್ರ ಮಗಳ ಕಡೆ ನೋಡಿದ್ರು. ಅವಳಿಗೆ 26, ಗಂಡು ನೋಡ್ತಾ ಇದ್ದಾರೆ. "ಜಾತಕದ ಜೊತಿಗೆ ಇದನ್ನೂ ಕೊಡಕಾ?" ಅಂದ್ರು ಅತ್ತೆ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಯಾರಿಗೂ ಹೇಳಬೇಡಿ ಅಂತ ಅತ್ತೆ ಎಲ್ಲರಿಂದ ಮಾತು ತಗೊಂಡ್ರು. ಆದರೆ ಅಜ್ಜನ ತಮ್ಮನ ಮನೆಯಲ್ಲಿ ಏಳು ಜನ ಮೊಮ್ಮಕ್ಕಳಿದ್ದಾರೆ. ದೊಡ್ಡಮ್ಮನ ಇಬ್ಬರು ಗಂಡುಮಕ್ಕಳು, ಒಬ್ಬ ಪುಣೆಯಲ್ಲಿ, ಒಬ್ಬ ದೋಹಾದಲ್ಲಿ. ಅವರಿಗೆ ಗೊತ್ತಾಗಬೇಡವಾ? ಎಂಎಲ್‌ಎಚ್1 ಕೆಟ್ಟವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಜೀವಮಾನದಲ್ಲಿ ಕರುಳಿನ ಕ್ಯಾನ್ಸರ್ ಬರುತ್ತೆ. ಆದರೆ ಇಪ್ಪತ್ತು ಇಪ್ಪತ್ತೈದನೇ ವಯಸ್ಸಿನಿಂದ ವರ್ಷಕ್ಕೋ ಎರಡು ವರ್ಷಕ್ಕೋ ಕೊಲೊನೊಸ್ಕೋಪಿ ಮಾಡಿಸ್ತಾ ಇದ್ದರೆ ಸಣ್ಣ ಗಂಟಿರುವಾಗಲೇ ಕಿತ್ತು ಹಾಕಬಹುದು, ಬಂದರೂ ಬೇಗ ಸಿಗುತ್ತೆ. ಆಸ್ಪಿರಿನ್ ಕೂಡ ಅಪಾಯ ಕಮ್ಮಿ ಮಾಡುತ್ತೆ ಅಂತ ಬ್ರಿಟನ್‌ನವರು ಮುಂದೆ ನಿಂತು ನಡೆಸಿದ ಪ್ರಯೋಗದಲ್ಲಿ 2011ರಲ್ಲಿ ಗೊತ್ತಾಗಿದೆ, ಅದನ್ನ ಡಾಕ್ಟರನ್ನ ಕೇಳಿಯೇ ತಗೋಬೇಕು. ಜಾತಕಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದೇ ಅಂತ ನನಗನ್ನಿಸುತ್ತೆ. ಇಲ್ಲಿ ಪರಿಹಾರ ಕೆಲಸ ಮಾಡುತ್ತಾ ಅಂತ ಎಣಿಸಿ ನೋಡಿದ್ದಾರೆ. ಅತ್ತೆಯ ಭಯವೂ ಸುಳ್ಳಲ್ಲ. ಗಂಡಿನ ಕಡೆಯವರು ಕೊಲೊನೊಸ್ಕೋಪಿ ತನಕ ಓದಲ್ಲ, ಕ್ಯಾನ್ಸರ್ ಅನ್ನೋ ಪದಕ್ಕೇ ನಿಲ್ತಾರೆ.

ಮಾತು ಮುರಿದಿದ್ದು ಮಾವನೇ. ಒಂದು ಭಾನುವಾರ ಪುಣೆಗೂ ದೋಹಾಕ್ಕೂ ತಾವೇ ಫೋನ್ ಮಾಡಿ, ಸುತ್ತಿ ಬಳಸದೆ ಹೇಳಿದ್ರು. ಅತ್ತೆ ಎರಡು ದಿನ ಮಾತು ಬಿಟ್ಟಿದ್ರಂತೆ. ಮೂರನೇ ದಿನ ಮಗಳೇ, "ನಂದೂ ರಕ್ತ ಕೊಡ್ತಿ, ಗಂಡು ಬಂದ ಮೇಲೆ ಅಲ್ಲ, ಮುಂಚೆನೇ" ಅಂದಳಂತೆ.

ಅಮ್ಮನ ಕೊಲೊನೊಸ್ಕೋಪಿ ಆಗಸ್ಟಿನಲ್ಲಿ ಆಯ್ತು, ಏನೂ ಇಲ್ಲ. ರಕ್ತ ಕೊಡೋಕೆ ಮಾತ್ರ ಹಬ್ಬ ಆಗಲಿ, ತಿಥಿ ಆಗಲಿ ಅಂತ ಮುಂದೂಡ್ತಾನೇ ಇದ್ದರು. ಅವರ ಭಯ ಅವರದ್ದಲ್ಲ, ನಂದು. ಅವರಿಗಿಲ್ಲ ಅಂದರೆ ನಾನು ಪರೀಕ್ಷೆ ಮಾಡಿಸಿಕೊಳ್ಳೋದೇ ಬೇಡ, ಆ ಕೊಂಡಿ ಅಲ್ಲೇ ತುಂಡು. ಇದೆ ಅಂದರೆ ಮುಂದಿನ ಸರದಿ ನಂದು. "ನನ್ನಿಂದ ನಿಂಗೆ ಬಂತು ಅಂತ ಕಾಗದದಲ್ಲಿ ಓದಕಾ ನಾನು?" ಅಂತ ಒಂದು ರಾತ್ರಿ ಕೇಳಿದ್ರು. ಹಾಗಾದರೆ ನಾನೇ ಮೊದಲು ಕೊಟ್ಟುಬಿಡ್ತೀನಿ ಅಂದೆ. ಅದಕ್ಕೂ ಒಪ್ಪಲಿಲ್ಲ, ಸರದಿ ಅಂದ್ರೆ ಸರದಿ ಅಂದ್ರು.

ಹೋದ ವಾರ ತಾವಾಗೇ ಹೊರಟರು. ಲ್ಯಾಬಿನ ಹುಡುಗ ಒಂದೇ ಒಂದು ನೇರಳೆ ಮುಚ್ಚಳದ ಟ್ಯೂಬ್ ತುಂಬಿಸಿಕೊಂಡ, ಎರಡು ನಿಮಿಷದ ಕೆಲಸ. ಬೆಳಗ್ಗಿಂದ ಕಾಫಿಯನ್ನೂ ಕುಡಿಯದೆ ಬಂದಿದ್ದ ಅಮ್ಮ, "ಖಾಲಿ ಹೊಟ್ಟೆಲಿ ಬರೋದು ಬೇಡಿತ್ತಾ?" ಅಂತ ಕೇಳಿದ್ರು. ಈ ಪರೀಕ್ಷೆಗೆ ಬೇಡ ಅಮ್ಮಾ, ಹುಟ್ಟಿದಾಗಿಂದ ಇರೋದನ್ನ ನೋಡೋದು, ಬೆಳಗ್ಗೆ ತಿಂದಿದ್ದರಿಂದ ಏನೂ ಬದಲಾಗಲ್ಲ ಅಂದ ಅವನು. ಅಮ್ಮನಿಗೆ ಸಿಟ್ಟು ಬಂತು, ನನಗೆ ಮೊದಲೇ ಹೇಳೋಕೆ ಏನಾಗಿತ್ತು ಅಂತ. ಎದುರಿನ ದರ್ಶಿನಿಯಲ್ಲಿ ಎರಡು ಇಡ್ಲಿ, ಒಂದು ವಡೆ, ಎರಡು ಕಾಫಿ. ರಿಪೋರ್ಟಿಗೆ ಇನ್ನೂ ಮೂರು ವಾರ ಇದೆ.